ಬಾಣಂತಿ ಸನ್ನಿ ಎಂಬ ಒಂದು ಮಾತು

ಮೂವತ್ತು ವರ್ಷಕ್ಕೂ ಮೀರಿ ಹಳಗನ್ನಡ ಪಾಠ ಹೇಳಿಕೊಂಡಿದ್ದವನು ರಕ್ತ, ಗರ್ಭ, ರೋಗ ಎಂದು ಮಾತಿಗೆ ತೊಡಗಿದರೆ ಕೇಳುವವರಿಗೆ ಅಚ್ಚರಿಯಾಗುವುದು ಸಹಜ. ನಾನು ವೈದ್ಯನಲ್ಲ. ಶಬ್ದಗಳ ಬೆನ್ನು ಹತ್ತಿ ಹೋಗುವುದು ನನ್ನ ಕಸುಬು; ಹಾಗೆ ಹೋಗುವವನು ಶಬ್ದ ಕರೆದ ಕಡೆಗೆಲ್ಲ ನಡೆಯಬೇಕಾಗುತ್ತದೆ. 'ಬಾಣಂತಿ ಸನ್ನಿ' ಎಂಬ ಮಾತು ನನ್ನನ್ನು ನಿಘಂಟಿನಿಂದ ಎಬ್ಬಿಸಿ ವೈದ್ಯಕೀಯದ ಇತಿಹಾಸಕ್ಕೆ ಕರೆದೊಯ್ದಿತು. ಅದನ್ನು ನಾನು ಮೊದಲು ಕೇಳಿದ್ದು ನನ್ನ ಹತ್ತನೆಯ ವಯಸ್ಸಿನಲ್ಲಿ, ನಮ್ಮ ಮನೆಯ ನಡುಮನೆಯಲ್ಲಿ.

ನಮ್ಮ ಊರು ಹೊಸಕೋಟೆ ತಾಲ್ಲೂಕಿನ ಪಿಲ್ಲಗುಂಪೆ. ಇಂದು ಆ ಹೆಸರೆತ್ತಿದರೆ ಕಾರ್ಖಾನೆಗಳೂ ಸಾಲುಗಟ್ಟಿ ನಿಂತ ಲಾರಿಗಳೂ ಕಣ್ಣ ಮುಂದೆ ಬರುತ್ತವೆ. ನನ್ನ ಬಾಲ್ಯದಲ್ಲಿ ಅದು ರಾಗಿಹೊಲಗಳ, ಹುಣಸೆಮರಗಳ, ಕಪಿಲೆಬಾವಿಗಳ ಊರು. 1967ರ ಶ್ರಾವಣದಲ್ಲಿ ನನ್ನ ದೊಡ್ಡಕ್ಕ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಅವಳಿಗೆ ಹದಿನೆಂಟು ತುಂಬಿತ್ತೋ ಇಲ್ಲವೋ. ಶೀಮಂತದಲ್ಲಿ ತೊಡಿಸಿದ ಹಸಿರು ಬಳೆಗಳು ಎಂಟನೆಯ ತಿಂಗಳಿಗೆ ಕೈಯನ್ನು ಕಚ್ಚಿ ಹಿಡಿದವು. ಕಾಲುಂಗುರ ಬೆರಳಿನಲ್ಲಿ ಹೂತುಹೋಯಿತು. ಮುಖ ದುಂಡಗಾಯಿತು. ನೋಡಿದ ಹೆಂಗಸರು 'ಮೈ ತುಂಬಿಕೊಂಡಿದ್ದಾಳೆ, ಗಂಡುಮಗುವೇ ಸರಿ' ಎಂದು ಸಂತೋಷಪಟ್ಟರು. ಅವಳು ತಲೆನೋವು ಎಂದಳು, ಅರಳೆಣ್ಣೆ ಒತ್ತಿದರು. ಕಣ್ಣ ಮುಂದೆ ಮಿಣುಕುಹುಳ ಹಾರಿದಂತಾಗುತ್ತದೆ ಎಂದಳು, ದೃಷ್ಟಿ ತೆಗೆದರು. ಒಂದು ರಾತ್ರಿ ಅವಳ ಕೈಕಾಲು ಸೆಟೆದು ಫಿಟ್ಸು ಬಂದಿತು, ಮತ್ತೆ ಬಂದಿತು. ಅದರ ನಡುವೆಯೇ ಹೆರಿಗೆಯಾಯಿತು, ಕೂಸು ಅಳಲಿಲ್ಲ. ಬೆಳಗಿನ ಜಾವ ಗಾಡಿ ಕಟ್ಟಿ ಮದರಾಸು ರಸ್ತೆಗೆ ತಂದು ಲಾರಿಯೊಂದನ್ನು ನಿಲ್ಲಿಸುವ ಹೊತ್ತಿಗೆ ಅಕ್ಕ ಹೋಗಿಬಿಟ್ಟಿದ್ದಳು.

ಬಾಣಂತಿ ಸನ್ನಿ ಎಂದರು. ಸನ್ನಿ ಏಕೆ ಬಂತು ಎಂಬುದಕ್ಕೂ ಉತ್ತರ ಸಿದ್ಧವಾಗಿತ್ತು. ಹೆರಿಗೆ ಮಾಡಿಸಿದ ಸೂಲಗಿತ್ತಿ ಅಜ್ಜಿಯ ಕೈಗುಣ ಕೆಟ್ಟಿತು ಎಂದು ಊರು ತೀರ್ಮಾನಿಸಿತು. ಅರ್ಧ ಊರನ್ನು ಈ ಲೋಕಕ್ಕೆ ತಂದ ಕೈ ಅದು. ನಾನೂ ಆ ಕೈಯಲ್ಲೇ ಹುಟ್ಟಿದವನು. ಆ ಶ್ರಾವಣದಿಂದಾಚೆಗೆ ಆಕೆಯನ್ನು ಯಾರೂ ಹೆರಿಗೆಗೆ ಕರೆಯಲಿಲ್ಲ. 'ಆ ಕೈ ನಮ್ಮ ಹೊಸಲು ದಾಟಬಾರದು' ಎಂದು ನನ್ನ ತಾಯಿ ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. ಅಜ್ಜಿ ನಾಲ್ಕೈದು ವರ್ಷ ಬದುಕಿದ್ದು, ಕೂಲಿಗೆ ಕಳೆ ಕೀಳಲು ಹೋಗುತ್ತಿದ್ದು, ಸತ್ತಳು.

ಈಗ ಶಬ್ದಕ್ಕೆ ಬರೋಣ. ವಾತ, ಪಿತ್ತ, ಕಫ ಮೂರೂ ಒಟ್ಟಿಗೆ ಕೆರಳಿ ಬೀಳುವ ರೋಗಕ್ಕೆ ಆಯುರ್ವೇದದಲ್ಲಿ ಸನ್ನಿಪಾತ ಎಂದು ಹೆಸರು. ಅದರ ತದ್ಭವ ಸನ್ನಿ. ಜ್ವರದ ಬಡಬಡಿಕೆಯೂ ಸನ್ನಿ, ಫಿಟ್ಸೂ ಸನ್ನಿ, ಹೆತ್ತ ಮೂರನೆಯ ವಾರ ಒಮ್ಮೆಗೇ ಮಾತು ನಿಂತು ಒಂದು ಕಡೆಯ ಕೈಕಾಲು ಬಿದ್ದುಹೋದರೆ ಅದೂ ಸನ್ನಿ. ಇದರ ನೆರೆಯ ಮಾತು ನಂಜು. ಗಾಯಕ್ಕೆ ನಂಜೇರುತ್ತದೆ, ಬಾಣಂತಿಗೂ ನಂಜೇರುತ್ತದೆ. ಹಳೆಯ ಮೈಸೂರು ಸೀಮೆಯಲ್ಲಿ ನಂಜಮ್ಮ, ನಂಜಪ್ಪ, ನಂಜುಂಡ ಎಂಬ ಹೆಸರುಗಳಿಗೆ ಲೆಕ್ಕವಿಲ್ಲ. ವಿಷವನ್ನು ಉಂಡು ಅರಗಿಸಿಕೊಂಡ ದೇವರ ಹೆಸರು ಮನೆಯಲ್ಲಿರಲಿ ಎಂಬ ಆಸೆಯ ಹಿಂದೆ ಎಷ್ಟು ಸೂತಕದ ಮನೆಗಳ ಭಯ ಇದ್ದಿರಬೇಕು!

ಕನ್ನಡದಲ್ಲಿ ವೈದ್ಯಗ್ರಂಥಗಳಿಗೆ ಬಡತನವಿರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಕೀರ್ತಿವರ್ಮ ಹಸುಗಳ ರೋಗಕ್ಕೆ 'ಗೋವೈದ್ಯ' ಬರೆದ. ದೇವೇಂದ್ರಮುನಿ 'ಬಾಲಗ್ರಹಚಿಕಿತ್ಸೆ' ಬರೆದ. ಹದಿನಾಲ್ಕನೆಯ ಶತಮಾನದ ಮಂಗರಾಜ 'ಖಗೇಂದ್ರಮಣಿದರ್ಪಣ'ದಲ್ಲಿ ವಿಷಗಳನ್ನೂ ಅವುಗಳ ಚಿಕಿತ್ಸೆಯನ್ನೂ ವಿಸ್ತಾರವಾಗಿ ಹೇಳಿದ. ಬಾಣಂತಿಕೋಣೆಯ ವಿದ್ಯೆಯಾದರೋ ಬಹುಪಾಲು ಓದುಬರಹವಿಲ್ಲದ ಹೆಂಗಸರ ಕೈಯಲ್ಲೂ ಬಾಯಲ್ಲೂ ಉಳಿಯಿತು. ಬರೆದಿಡದ ವಿದ್ಯೆಗೆ ಒಂದು ಕಷ್ಟವಿದೆ. ಅದು ಗೆದ್ದಾಗ ದೇವರ ಹೆಸರು, ಸೋತಾಗ ಸೂಲಗಿತ್ತಿಯ ಹೆಸರು.

ಸನ್ನಿ ಎಂಬ ಒಂದು ಗಂಟಿನಲ್ಲಿ ಕಟ್ಟಿದ್ದ ರೋಗಗಳನ್ನು ಒಂದೊಂದಾಗಿ ಬಿಡಿಸಲು ಲೋಕಕ್ಕೆ ಇನ್ನೂರು ವರ್ಷ ಹಿಡಿಯಿತು. ಆ ಕಥೆಯಲ್ಲಿ ಮತ್ತೆ ಮತ್ತೆ ಬರುವ ಮಾತುಗಳು ಎರಡು: ಉರಿಯೂತ ಮತ್ತು ಹೆಪ್ಪು. ಉರಿಯೂತ ಎಂಬುದು ನಮ್ಮ ವೈದ್ಯಲೇಖಕರು ಬಳಕೆಗೆ ತಂದ ಒಳ್ಳೆಯ ಮಾತು. ಉರಿಯೂ ಉಂಟು, ಊತವೂ ಉಂಟು. ಮೊದಲನೆಯ ಶತಮಾನದ ರೋಮನ್ ಲೇಖಕ ಸೆಲ್ಸಸ್ ಕೆಂಪು, ಊತ, ಬಿಸಿ, ನೋವು ಎಂದು ಇದರ ನಾಲ್ಕು ಲಕ್ಷಣ ಹೇಳಿದ್ದಾನೆ. ಹೆಪ್ಪು ನಮ್ಮ ಅಡಿಗೆಮನೆಯ ಮಾತು. ರಾತ್ರಿ ಹಾಲಿಗೆ ಹಾಕುವ ಒಂದು ಚಮಚ ಮಜ್ಜಿಗೆ ಹೆಪ್ಪು. ನೆತ್ತರು ಗಟ್ಟಿಯಾಗುವುದೂ ಹೆಪ್ಪುಗಟ್ಟುವುದೇ. ಇವೆರಡೂ ದೇಹದ ಕಾವಲುಗಾರರು. ಹೊರಗಿನ ಶತ್ರು ಬಂದರೆ ಉರಿಯೂತ ಎದ್ದು ನಿಲ್ಲುತ್ತದೆ, ಗೋಡೆ ಒಡೆದರೆ ಹೆಪ್ಪು ಮುಚ್ಚುತ್ತದೆ. ಕಾವಲುಗಾರರೇ ಮನೆಯವರ ಮೇಲೆ ಬಿದ್ದರೆ ಏನಾಗುತ್ತದೆ ಎಂಬುದೇ ಇಂದಿನ ವಿಷಯ.

ಮೊದಲು ಬಿಚ್ಚಿದ ಗಂಟು ಜ್ವರದ ಸನ್ನಿಯದು. ವಿಯೆನ್ನಾ ನಗರದ ದೊಡ್ಡ ಹೆರಿಗೆ ಆಸ್ಪತ್ರೆಯಲ್ಲಿ ಎರಡು ವಿಭಾಗಗಳಿದ್ದವು. ಒಂದರಲ್ಲಿ ವೈದ್ಯವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು ಹೆರಿಗೆ ಮಾಡಿಸುತ್ತಿದ್ದರು. ಸಾಯುವ ಬಾಣಂತಿಯರು ಹೆಚ್ಚಾಗಿದ್ದದ್ದು ವಿದ್ಯಾವಂತರ ವಿಭಾಗದಲ್ಲಿ. ಶವಪರೀಕ್ಷೆ ಮುಗಿಸಿ ಬಂದ ಕೈಯೇ ಕಾರಣವೆಂದು ಗುರುತಿಸಿದ ಇಗ್ನಾಜ್ ಸೆಮ್ಮೆಲ್ವೈಸ್ 1847ರಲ್ಲಿ ಎಲ್ಲರೂ ಕ್ಲೋರಿನ್ ನೀರಿನಲ್ಲಿ ಕೈ ತೊಳೆಯತಕ್ಕದ್ದೆಂದು ವಿಧಿಸಿದ. 1846ರಲ್ಲಿ ನೂರಕ್ಕೆ ಹನ್ನೊಂದರಷ್ಟಿದ್ದ ಸಾವು 1848ರ ಹೊತ್ತಿಗೆ ನೂರಕ್ಕೆ ಒಂದರ ಆಸುಪಾಸಿಗೆ ಇಳಿಯಿತು. ಕೈಗುಣ ಎಂಬ ನಮ್ಮ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ ಎಂದಾಯಿತು. ಆದರೆ ನನ್ನ ಅಕ್ಕನಿಗೆ ಜ್ವರವಿರಲಿಲ್ಲ. ಅವಳ ಫಿಟ್ಸು ಹೆರಿಗೆಗೆ ಮೊದಲೇ, ಸೂಲಗಿತ್ತಿ ಬಾಗಿಲಿಗೆ ಬರುವ ಮೊದಲೇ ಬಂದಿತ್ತು. ಅವಳ ಕಥೆ ಬೇರೆಯ ಗಂಟು.

ಈ ಫಿಟ್ಸಿನ ರೋಗಕ್ಕೆ ಎಕ್ಲಾಂಪ್ಸಿಯ ಎಂದು ಹೆಸರು. ಒಮ್ಮೆಗೇ ಹೊಳೆಯುವುದು ಎಂಬ ಅರ್ಥದ ಗ್ರೀಕ್ ಮಾತು. ಮಿಂಚಿನಂತೆ ಬರುತ್ತದೆ ಎಂದು ಎಣಿಸಿದ್ದರು. ಅದು ಹೇಳದೆ ಕೇಳದೆ ಬರುವುದಿಲ್ಲ ಎಂದು ಮೊದಲು ತೋರಿಸಿದವನು ಲಂಡನ್ನಿನ ಜಾನ್ ಲೀವರ್. 1843ರಲ್ಲಿ ಆತ ಫಿಟ್ಸು ಬಂದ ಗರ್ಭಿಣಿಯರ ಮೂತ್ರವನ್ನು ಕಾಯಿಸಿ ನೋಡಿದಾಗ ಅದು ಮೊಟ್ಟೆಯ ಬಿಳಿಯಂತೆ ಗರಣೆಗಟ್ಟಿತು. ರಕ್ತದಲ್ಲಿರಬೇಕಾದ ಪ್ರೋಟೀನು ಸೋರಿ ಮೂತ್ರಕ್ಕೆ ಬಂದಿತ್ತು. 1896ರಲ್ಲಿ ಇಟಲಿಯ ರೀವಾ ರೋಚಿ ತೋಳಿಗೆ ಪಟ್ಟಿ ಸುತ್ತಿ ರಕ್ತದ ಒತ್ತಡ ಅಳೆಯುವ ಉಪಕರಣ ಮಾಡಿದ. ಒಂದು ಗಾಜಿನ ನಳಿಗೆ, ಒಂದು ದೀಪ, ಒಂದು ರಬ್ಬರು ಪಟ್ಟಿ, ಇಷ್ಟಿದ್ದರೆ ಕಾಯಿಲೆ ವಾರಗಳ ಮೊದಲೇ ಕಾಣುತ್ತದೆ. ಬೆಂಗಳೂರಿನಲ್ಲಿ ಹೆಂಗಸರಿಗೂ ಮಕ್ಕಳಿಗೂ ವಾಣಿ ವಿಲಾಸ ಆಸ್ಪತ್ರೆ 1935ರಲ್ಲೇ ಬಾಗಿಲು ತೆರೆದಿತ್ತು. ಆ ಹೆಸರಿನ ಮಹಾರಾಣಿ, ರೀಜೆಂಟರಾಗಿ ಮೈಸೂರನ್ನು ಆಳಿದ ಕೆಂಪನಂಜಮ್ಮಣ್ಣಿಯವರು, ತೀರಿಕೊಂಡ ಮರುವರ್ಷ ಅದು. ಅವರ ಹೆಸರಿನೊಳಗೂ ಒಂದು ನಂಜು ಇರುವುದನ್ನು ಗಮನಿಸಿ. ಅಲ್ಲಿಂದ ನಮ್ಮ ಊರಿಗೆ ಮೂವತ್ತು ಕಿಲೋಮೀಟರಿನಷ್ಟು ದಾರಿ. 1843ರಲ್ಲಿ ಲಂಡನ್ನಿನಲ್ಲಿ ತಿಳಿದ ಒಂದು ಪರೀಕ್ಷೆ 1967ರಲ್ಲಿ ನನ್ನ ಅಕ್ಕನವರೆಗೆ ಬಂದಿರಲಿಲ್ಲ. ಇದನ್ನು ಬರೆಯುವಾಗ ಯಾರ ಮೇಲೆ ಸಿಟ್ಟಾಗಬೇಕೋ ನನಗೆ ತಿಳಿಯುವುದಿಲ್ಲ.

1893ರಲ್ಲಿ ಜರ್ಮನಿಯ ಗೇಯಾರ್ಗ್ ಶ್ಮೋರ್ಲ್ ಎಂಬ ರೋಗವಿಜ್ಞಾನಿ ಎಕ್ಲಾಂಪ್ಸಿಯದಿಂದ ಸತ್ತ ಹೆಂಗಸರ ಶವಗಳನ್ನು ಪರೀಕ್ಷಿಸಿ ಒಂದು ಗ್ರಂಥ ಬರೆದ. ಯಕೃತ್ತಿನಲ್ಲಿ, ಮೂತ್ರಪಿಂಡದಲ್ಲಿ, ಮೆದುಳಿನಲ್ಲಿ, ಎಲ್ಲೆಂದರಲ್ಲಿ ಕೂದಲೆಳೆಯಂಥ ರಕ್ತನಾಳಗಳಲ್ಲಿ ಹೆಪ್ಪಿನ ತುಣುಕುಗಳು ಸಿಕ್ಕಿಕೊಂಡಿದ್ದವು. ಮಾಸಿನಿಂದ ಯಾವುದೋ ವಿಷ ಹೊರಟು ಹೀಗಾಗಿರಬೇಕೆಂದು ಆ ಕಾಲದವರು ಊಹಿಸಿದರು. ಯುರೋಪಿನ ವೈದ್ಯರು ಈ ರೋಗವನ್ನು ಬಹುಕಾಲ ಟಾಕ್ಸೀಮಿಯ ಎಂದೇ ಕರೆದರು. ಕನ್ನಡದಲ್ಲಿ ಹೇಳಿದರೆ ನೆತ್ತರಿನ ನಂಜು. ಪಿಲ್ಲಗುಂಪೆಯ ಮುದುಕಿಯರೂ ಯುರೋಪಿನ ಪಂಡಿತರೂ ಒಂದೇ ಮಾತು ಆಡುತ್ತಿದ್ದರು. ಆ ನಂಜು ಯಾವುದು ಎಂದು ಇಬ್ಬರಿಗೂ ತಿಳಿದಿರಲಿಲ್ಲ.

ಇಲ್ಲಿ ಸ್ವಲ್ಪ ನಿಂತು ಬಸುರಿನಲ್ಲಿ ನೆತ್ತರಿಗೆ ಆಗುವುದೇನು ಎಂದು ನೋಡಬೇಕು. ದಿನ ತುಂಬಿದ ಗರ್ಭಿಣಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಮೀರಿ ರಕ್ತ ಹರಿಯುತ್ತದೆ. ಕೂಸು ಹುಟ್ಟಿ ಮಾಸು ಕಳಚಿದ ಗಳಿಗೆಯಲ್ಲಿ ಅಷ್ಟೂ ಬಾಯಿಗಳು ತೆರೆದುಕೊಳ್ಳುತ್ತವೆ. ಅವನ್ನು ಮುಚ್ಚುವುದು ಮೊದಲು ಗರ್ಭಕೋಶದ ಸ್ನಾಯುಗಳ ಬಿಗಿತ, ಆಮೇಲೆ ಹೆಪ್ಪು. ಆ ಒಂದು ಗಳಿಗೆಗಾಗಿ ದೇಹ ಒಂಬತ್ತು ತಿಂಗಳೂ ಸಿದ್ಧತೆ ನಡೆಸುತ್ತದೆ. ಫೈಬ್ರಿನೋಜೆನ್ ಎಂಬ, ಹೆಪ್ಪಿನ ನೂಲಾಗುವ ವಸ್ತು ರಕ್ತದಲ್ಲಿ ಏರುತ್ತದೆ. ಹೆಪ್ಪನ್ನು ಕರಗಿಸುವ ಶಕ್ತಿ ತಗ್ಗುತ್ತದೆ. ಹಾಲು ಹೆಪ್ಪಿಗೆ ಕಾಯುವಂತೆ ನೆತ್ತರು ಕಾಯುತ್ತಿರುತ್ತದೆ ಎಂದರೂ ನಡೆದೀತು. ಈ ಉಪಾಯಕ್ಕೆ ಕೊಡುವ ಬೆಲೆಯೂ ಉಂಟು. 1856ರಲ್ಲಿ ಬರ್ಲಿನ್ನಿನ ರೂಡಾಲ್ಫ್ ವಿರ್ಕೋ ನಾಳಗಳೊಳಗೆ ಹೆಪ್ಪು ಹುಟ್ಟುವ ಬಗೆಯನ್ನು ವಿವರಿಸಿದ. ಅವನ ಹೆಸರಿನಲ್ಲಿ ಇಂದಿಗೂ ಮೂರು ಕಾರಣ ಹೇಳುತ್ತಾರೆ: ಹರಿವು ನಿಧಾನವಾಗುವುದು, ನಾಳದ ಗೋಡೆ ಕೆಡುವುದು, ನೆತ್ತರಿನ ಗುಣ ಬದಲಾಗುವುದು. ಬಸುರಿ ಬಾಣಂತಿಯರಲ್ಲಿ ಮೂರೂ ಕೂಡುತ್ತವೆ. ಬಾಣಂತಿಯ ಕಾಲು ಬಾತು ಬೆಳ್ಳಗಾದಾಗ ಯುರೋಪಿನವರು ಎದೆಯ ಹಾಲು ಕಾಲಿಗೆ ಇಳಿಯಿತೆಂದು ನಂಬಿ ಅದನ್ನು ಹಾಲುಗಾಲು ಎಂದು ಕರೆದಿದ್ದರು. ಅದು ಅಭಿಧಮನಿಯಲ್ಲಿ ಸಿಕ್ಕಿದ ಹೆಪ್ಪು.

ಈ ಹೆಪ್ಪು ಮೆದುಳಿನ ಅಭಿಧಮನಿಯಲ್ಲಿ ಕಟ್ಟಿದರೆ ಅದು ಇನ್ನೊಂದು ಸನ್ನಿ. ಹೆತ್ತು ಎರಡು ಮೂರು ವಾರವಾದ ಮೇಲೆ ತಲೆನೋವು, ವಾಂತಿ, ಫಿಟ್ಸು, ಕೈಕಾಲು ಬೀಳುವುದು. ಇದು ನಮ್ಮ ನಾಡಿನದೇ ಅಧ್ಯಾಯ. 1974ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ನಿಮ್ಹಾನ್ಸ್ ಸಂಸ್ಥೆಗೆ ಹಳ್ಳಿಗಳಿಂದ ಇಂಥ ಬಾಣಂತಿಯರು ಬರುತ್ತಲೇ ಇದ್ದರು. ಪಶ್ಚಿಮದ ಪಠ್ಯಪುಸ್ತಕಗಳಲ್ಲಿ ಅಪರೂಪವೆಂದು ಬರೆದಿದ್ದ ರೋಗ ಇಲ್ಲಿಯ ವಾರ್ಡುಗಳಲ್ಲಿ ಅಪರೂಪವಾಗಿರಲಿಲ್ಲ. ಡಾ. ಡಿ. ನಾಗರಾಜ ಮತ್ತು ಅವರ ಸಂಗಡಿಗರು ಇದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಹೆಪ್ಪು ತಡೆಯುವ ಹೆಪಾರಿನ್ ಎಂಬ ಮದ್ದನ್ನು ಇಂಥ ರೋಗಿಗಳಿಗೆ ಕೊಡಬಹುದೆ ಎಂಬ ಪ್ರಶ್ನೆಯೂ ಅವರ ಮುಂದಿತ್ತು. ಮೆದುಳಿನಲ್ಲಿ ರಕ್ತ ಸೋರಿದವರಿಗೆ ರಕ್ತ ತೆಳುವಾಗಿಸುವ ಮದ್ದು ಕೊಡಲು ಯಾರ ಕೈ ತಾನೆ ನಡುಗದು? ಎಚ್ಚರದಿಂದ ಕೊಟ್ಟರೆ ಉಳಿಯುವವರೇ ಹೆಚ್ಚು ಎಂಬುದು ಈಗ ಒಪ್ಪಿತವಾದ ಮಾತು.

ಬಾಣಂತಿಗೆ ನೀರು ಕೊಡಬಾರದು, ಕೊಟ್ಟರೆ ಹೊಟ್ಟೆ ಬರುತ್ತದೆ, ಶೀತವಾಗುತ್ತದೆ ಎಂಬ ಕಟ್ಟಳೆ ನಮ್ಮ ಕಡೆ ಬಲವಾಗಿತ್ತು. ಕತ್ತಲ ಕೋಣೆ, ಬಿಗಿದು ಕಟ್ಟಿದ ಸೊಂಟ, ಒಣ ಅನ್ನ, ಮೆಣಸಿನ ಸಾರು, ದಿನಕ್ಕೆ ಒಂದೆರಡು ಲೋಟ ಕಾದಾರಿದ ನೀರು. ಮೊದಲೇ ಹೆಪ್ಪಿಗೆ ಕಾದಿರುವ ನೆತ್ತರು ನೀರಿಲ್ಲದೆ ಇನ್ನಷ್ಟು ಮಂದವಾದರೆ ಏನಾದೀತು? ಮೆದುಳಿನ ಹೆಪ್ಪಿಗೆ ಈ ನಿರ್ಜಲವೂ ರಕ್ತಹೀನತೆಯೂ ಕಾರಣಗಳಲ್ಲಿ ಸೇರಿವೆಯೆಂದು ವೈದ್ಯರು ಹೇಳುತ್ತಾರೆ. ಬಾಣಂತನದ ಆರೈಕೆಯನ್ನು ಹಾಡಿ ಹೊಗಳುವ ನಾವು ಈ ಲೋಟದ ಲೆಕ್ಕವನ್ನೂ ಒಮ್ಮೆ ನೆನೆಯಬೇಕು.

ಅಕ್ಕನ ಕಾಯಿಲೆಗೆ ಮರಳುತ್ತೇನೆ. ಅದರ ಮೂಲ ಇರುವುದು ಮಾಸಿನಲ್ಲಿ. ಹಳ್ಳಿಯಲ್ಲಿ ಇದಕ್ಕೆ ಕಸ ಎಂದೇ ಹೆಸರು; ಕೂಸು ಹುಟ್ಟಿದೊಡನೆ ಸೂಲಗಿತ್ತಿಯ ಮುಂದಿನ ಚಿಂತೆ ಕಸ ಬೀಳುವುದು. ತಾಯಿಯ ನೆತ್ತರಿನಿಂದ ಕೂಸಿಗೆ ಅನ್ನವನ್ನೂ ಉಸಿರನ್ನೂ ದಾಟಿಸುವ ಅಂಗಕ್ಕೆ ಇಟ್ಟ ಹೆಸರು ಇದು! ಹಿತ್ತಲಲ್ಲಿ ಹೂಳುವ ವಸ್ತುವನ್ನು ಶತಮಾನಗಳ ಕಾಲ ಯಾರೂ ತಿರುಗಿ ನೋಡಲಿಲ್ಲ. ವಿಜ್ಞಾನಿಗಳೂ ತಡವಾಗಿಯೇ ನೋಡಿದರು. ಬೆಲ್ಜಿಯಮ್ಮಿನ ಇವೋ ಬ್ರೋಸೆನ್ಸ್ ಮೊದಲಾದವರು 1967ರಲ್ಲಿ ಒಂದು ಲೇಖನ ಪ್ರಕಟಿಸಿದರು. ನನ್ನ ಅಕ್ಕ ಸತ್ತ ವರ್ಷವೇ. ಗರ್ಭಕೋಶದ ಗೋಡೆಯಲ್ಲಿ ಸುರುಳಿಯಾಗಿ ಸುತ್ತಿಕೊಂಡ ಧಮನಿಗಳಿವೆ. ಬಸುರಿನ ಮೊದಲ ಅರ್ಧದಲ್ಲಿ ಮಾಸಿನ ಜೀವಕೋಶಗಳು ಆ ಧಮನಿಗಳೊಳಗೆ ನುಗ್ಗಿ, ಅವುಗಳ ಗೋಡೆಯನ್ನು ಸಡಿಲಿಸಿ ಅಗಲ ಮಾಡುತ್ತವೆ. ಕಿರುಗಾಲುವೆ ದೊಡ್ಡ ನಾಲೆಯಾದಂತೆ. ಕೆಲವರಲ್ಲಿ, ವಿಶೇಷವಾಗಿ ಚೊಚ್ಚಲ ಬಸುರಿಯರಲ್ಲಿ, ಈ ಕೆಲಸ ಅರೆಬರೆಯಾಗುತ್ತದೆ. ಕಾಲುವೆ ಕಿರಿದಾಗಿಯೇ ಉಳಿದು, ನೆತ್ತರು ಚಿಮ್ಮಿ ಬರುತ್ತದೆ, ಮಾಸು ಬಳಲುತ್ತದೆ.

ಬಳಲಿದ ಮಾಸು ತಾಯಿಯ ರಕ್ತಕ್ಕೆ ಕಳಿಸುವುದೇನು? 2003ರಲ್ಲಿ ಬಾಸ್ಟನ್ನಿನ ಒಂದು ತಂಡ ಉತ್ತರ ಕೊಟ್ಟಿತು. ಅದರ ಮುಂದಾಳು ಮದರಾಸಿನಲ್ಲಿ ವೈದ್ಯಕೀಯ ಓದಿದ ಅನಂತ್ ಕರುಮಂಚಿ. ರಕ್ತನಾಳಗಳ ಒಳಪದರವನ್ನು ಆರೋಗ್ಯವಾಗಿಡುವ ವಸ್ತುಗಳನ್ನು ಹಿಡಿದು ಕಟ್ಟಿಹಾಕುವ ಒಂದು ಪ್ರೋಟೀನನ್ನು ಬಳಲಿದ ಮಾಸು ಅತಿಯಾಗಿ ಹೊರಬಿಡುತ್ತದೆ. ಮುದುಕಿಯರ ನಂಜು ಕೊನೆಗೂ ಕೈಗೆ ಸಿಕ್ಕಿತು ಎನ್ನೋಣವೆ? ಅರ್ಧಕ್ಕರ್ಧ ಸಿಕ್ಕಿತು. ಆಕ್ಸ್‌ಫರ್ಡಿನ ಕ್ರಿಸ್ಟೋಫರ್ ರೆಡ್‌ಮನ್ ಮತ್ತು ಸಂಗಡಿಗರು 1999ರಲ್ಲಿ ಇನ್ನೊಂದು ಬದಿಯಿಂದ ನೋಡಿದ್ದರು. ಅವರ ಮಾತಿನಂತೆ ಸಾಧಾರಣ ಬಸುರೂ ತಾಯಿಯ ಮೈಯಲ್ಲಿ ಒಂದು ಹದವಾದ ಉರಿಯೂತವೇ. ಬೇರೊಂದು ಜೀವವನ್ನು ಒಳಗಿಟ್ಟುಕೊಂಡ ಮೈ ಸದಾ ಎಚ್ಚರವಾಗಿರುತ್ತದೆ. ಆ ಎಚ್ಚರ ಹದ ಮೀರಿದಾಗ ಈ ರೋಗ. ನಾಳಗಳ ಒಳಪದರ ಉರಿಯುತ್ತದೆ. ನುಣುಪಾಗಿದ್ದ ಗೋಡೆ ಒರಟಾಗುತ್ತದೆ. ಅಲ್ಲಿ ನೆತ್ತರಿನ ಪ್ಲೇಟ್ಲೆಟ್ಟುಗಳು ಅಂಟಿಕೊಳ್ಳುತ್ತವೆ. ಡೆಂಗಿ ಜ್ವರದ ದೆಸೆಯಿಂದ ಈ ಪ್ಲೇಟ್ಲೆಟ್ಟು ಈಗ ಮನೆಮಾತಾಗಿದೆ. ಉರಿ ಹೆಪ್ಪನ್ನು ಕರೆಯುತ್ತದೆ, ಹೆಪ್ಪು ಉರಿಯನ್ನು ಹೆಚ್ಚಿಸುತ್ತದೆ. ಗೋಡೆಯಿಂದ ನೀರು ಸೋರಿ ಕಾಲು ಬಾಯುತ್ತದೆ, ಬಳೆ ಬಿಗಿಯುತ್ತದೆ. ಮೂತ್ರಪಿಂಡ ಪ್ರೋಟೀನನ್ನು ಬಿಟ್ಟುಕೊಡುತ್ತದೆ. ಒತ್ತಡ ಏರುತ್ತದೆ, ಕಣ್ಣ ಮುಂದೆ ಮಿಣುಕುಹುಳ ಹಾರುತ್ತದೆ. ಶ್ಮೋರ್ಲ್ ಕಂಡ ತುಣುಕುಗಳೂ, ಹಳ್ಳಿ ಕಂಡ 'ಮೈ ತುಂಬಿಕೊಂಡದ್ದೂ' ಒಂದೇ ಕಥೆಯ ಪುಟಗಳು.

ಇದರಲ್ಲಿ ಒಂದು ವಿಪರೀತವಿದೆ. ಮೈಯೆಲ್ಲ ಚೂರುಚೂರು ಹೆಪ್ಪುಗಟ್ಟಿದರೆ ಹೆಪ್ಪಿಗೆ ಬೇಕಾದ ಸರಕು ಖರ್ಚಾಗಿಬಿಡುತ್ತದೆ. ಆಮೇಲೆ ನಿಜವಾಗಿ ಬೇಕಾದ ಕಡೆ ಹೆಪ್ಪು ಸಿಗುವುದಿಲ್ಲ. ಮಾಸು ಹೊತ್ತಿಗೆ ಮೊದಲೇ ಕಳಚಿದವರಲ್ಲಿ ಹೀಗಾಗುವುದುಂಟು. ಪ್ರಯೋಗಾಲಯವಿಲ್ಲದ ಕಡೆ ವೈದ್ಯರು ಇದನ್ನು ಗುರುತಿಸುವ ಬಗೆ ನನ್ನನ್ನು ಬೆರಗುಗೊಳಿಸಿತು. ಒಣಗಿದ, ಶುಭ್ರವಾದ ಗಾಜಿನ ನಳಿಗೆಯಲ್ಲಿ ತಾಯಿಯ ಎರಡು ಮಿಲಿಲೀಟರು ರಕ್ತ ತೆಗೆದುಕೊಂಡು ಮುಷ್ಟಿಯಲ್ಲಿ ಬೆಚ್ಚಗೆ ಹಿಡಿದುಕೊಳ್ಳಬೇಕು. ನಾಲ್ಕು ನಿಮಿಷ ಕಳೆದ ಮೇಲೆ ಮೆಲ್ಲಗೆ ಬಾಗಿಸಿ ನೋಡುತ್ತಿರಬೇಕು. ಏಳು ನಿಮಿಷವಾದರೂ ಹೆಪ್ಪುಗಟ್ಟದಿದ್ದರೆ, ಅಥವಾ ಕಟ್ಟಿದ್ದು ಮುಟ್ಟಿದರೆ ಒಡೆಯುವಷ್ಟು ಮೆದುವಾಗಿದ್ದರೆ, ಅಪಾಯ. ನನ್ನ ತಾಯಿ ಬೆಳಿಗ್ಗೆ ಮೊಸರಿನ ಕುಡಿಕೆಯನ್ನು ಬಾಗಿಸಿ ನೋಡುತ್ತಿದ್ದದ್ದು ಹೀಗೆಯೇ.

ಹದ ಮೀರಿದ ಈ ಉರಿಗೂ ಹೆಪ್ಪಿಗೂ ಮದ್ದುಂಟೆ? ಬಂದ ಮೇಲೆ, ಫಿಟ್ಸಿಗೆ ಮೆಗ್ನೀಸಿಯಮ್ ಸಲ್ಫೇಟ್ ಉಂಟು. 2002ರಲ್ಲಿ ಮುಗಿದ ಅಂತರರಾಷ್ಟ್ರೀಯ ಪರೀಕ್ಷೆಯೊಂದು ಅದು ಫಿಟ್ಸಿನ ಭಯವನ್ನು ಅರ್ಧಕ್ಕಿಂತ ಕಡಿಮೆ ಮಾಡುತ್ತದೆ ಎಂದು ತೋರಿಸಿತು. ಬಾರದಂತೆ ತಡೆಯಲು ಸಿಕ್ಕಿದ್ದು ಮಾತ್ರ ತೀರ ಬಡ ಮದ್ದು: 1899ರಿಂದ ಅಂಗಡಿಗಳಲ್ಲಿ ದೊರೆಯುತ್ತಿದ್ದ ಆಸ್ಪಿರಿನ್. ಅದು ಹೇಗೆ ಕೆಲಸ ಮಾಡುತ್ತದೆಂದು 1971ರಲ್ಲಿ ತೋರಿಸಿದ ಜಾನ್ ವೇನ್ ಅವರಿಗೆ 1982ರಲ್ಲಿ ನೊಬೆಲ್ ಬಂದಿತು. ಪ್ರೋಸ್ಟಗ್ಲಾಂಡಿನ್ ಎಂಬ ವಸ್ತುಗಳು ಮೈಯಲ್ಲಿ ಉರಿಯೂತವನ್ನು ಎಬ್ಬಿಸುತ್ತವೆ. ಅವುಗಳ ಬಳಗದ ಒಂದು ವಸ್ತು ಪ್ಲೇಟ್ಲೆಟ್ಟುಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಆಸ್ಪಿರಿನ್ ಇವು ಹುಟ್ಟುವುದನ್ನೇ ತಡೆಯುತ್ತದೆ. 1985ರಲ್ಲಿ ಫ್ರಾನ್ಸಿನವರು ಗರ್ಭಿಣಿಯರಲ್ಲಿ ಸಣ್ಣದೊಂದು ಪರೀಕ್ಷೆ ನಡೆಸಿ ಆಸೆ ಹುಟ್ಟಿಸಿದರು. 1994ರಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಗರ್ಭಿಣಿಯರ ಪರೀಕ್ಷೆ ಆ ಆಸೆಯ ಮೇಲೆ ತಣ್ಣೀರು ಸುರಿಯಿತು. 2017ರಲ್ಲಿ, ಅಪಾಯವಿರುವವರನ್ನು ಮೊದಲೇ ಆರಿಸಿ, ಬೇಗ ಆರಂಭಿಸಿ, 150 ಮಿಲಿಗ್ರಾಂ ಕೊಟ್ಟು ನೋಡಿದಾಗ, ಅವಧಿಗೆ ಮುಂಚೆ ಹೆರಿಗೆ ಮಾಡಿಸಬೇಕಾಗುವಂಥ ತೀವ್ರ ರೂಪದ ರೋಗ ನೂರಕ್ಕೆ 4.3ರಿಂದ 1.6ಕ್ಕೆ ಇಳಿಯಿತು. ಧಮನಿಗಳು ಅಗಲವಾಗುವ ಕಾಲದಲ್ಲೇ ಮದ್ದು ಆರಂಭವಾಗಬೇಕು. ಕಾಲು ಊದಿದ ಮೇಲೆ ಕೊಟ್ಟು ಫಲವಿಲ್ಲ. ಇದು ವೈದ್ಯರು ಹೇಳಿದರೆ ಮಾತ್ರ ನುಂಗತಕ್ಕದ್ದು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಮುಂದಿನ ಪರೀಕ್ಷೆಯಲ್ಲಿ ಕರ್ನಾಟಕ ಬರುತ್ತದೆ. 2016ರಿಂದ ಆರು ದೇಶಗಳಲ್ಲಿ ಚೊಚ್ಚಲ ಬಸುರಿಯರಿಗೆ ದಿನಕ್ಕೆ 81 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟು ನೋಡಿದರು. ಕಾಂಗೋ, ಕೀನ್ಯಾ, ಜಾಂಬಿಯಾ, ಗ್ವಾಟೆಮಾಲ, ಪಾಕಿಸ್ತಾನ, ಮತ್ತು ನಮ್ಮ ದೇಶದ ಬೆಳಗಾವಿ ಹಾಗೂ ನಾಗಪುರ. ಒಟ್ಟು 11,976 ಹೆಂಗಸರು. 2020ರಲ್ಲಿ ಫಲಿತಾಂಶ ಪ್ರಕಟವಾಯಿತು: ಅವಧಿಗೆ ಮುಂಚಿನ ಹೆರಿಗೆ ನೂರಕ್ಕೆ 13.1ರಿಂದ 11.6ಕ್ಕೆ ಇಳಿದಿತ್ತು. ಸಣ್ಣ ಇಳಿತ ಎನ್ನಬಹುದು. ಲಕ್ಷ ಬಸುರಿಯರಿಗೆ ಲೆಕ್ಕ ಹಾಕಿದರೆ ಸಾವಿರದೈನೂರು ಕೂಸುಗಳಾದವು.

ಬೆಳಗಾವಿಯ ಹೆಂಗಸರಿಗೆ ಇದು ಮೊದಲಲ್ಲ. ಹೆರಿಗೆಯ ಮೇಲಿನ ರಕ್ತಸ್ರಾವಕ್ಕೆ ಮಿಸೊಪ್ರೊಸ್ಟಾಲ್ ಮಾತ್ರೆ ಫಲಿಸೀತೆ ಎಂದು 2002ರಿಂದ 2005ರವರೆಗೆ ಅದೇ ಜಿಲ್ಲೆಯ ಹಳ್ಳಿಗಳಲ್ಲಿ, ಮನೆಗಳಲ್ಲೂ ಉಪಕೇಂದ್ರಗಳಲ್ಲೂ, 1,620 ಹೆಂಗಸರಲ್ಲಿ ಪರೀಕ್ಷಿಸಿದರು. ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಮುಂದೆ ನಿಂತಿದ್ದರು. ಮಾತ್ರೆ ಕೊಟ್ಟವರು ಹಳ್ಳಿಯ ಸಹಾಯಕ ದಾದಿಯರು. ಅತಿಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. ಚೆಲ್ಲಿದ ನೆತ್ತರನ್ನು ಕಣ್ಣಂದಾಜಿಗೆ ಬಿಡದೆ, ಅಳತೆಯ ಗೆರೆಗಳಿದ್ದ ಪ್ಲಾಸ್ಟಿಕ್ ಹಾಸಿನಲ್ಲಿ ಹಿಡಿದು ಅಳೆದರು. ಮಿಸೊಪ್ರೊಸ್ಟಾಲ್ ಎಂಬುದು ಪ್ರೋಸ್ಟಗ್ಲಾಂಡಿನ್ನಿನ ಬಂಧು. ಬಸುರಿನಲ್ಲಿ ಯಾವ ಬಳಗವನ್ನು ಆಸ್ಪಿರಿನ್ನಿನಿಂದ ತಡೆದರೋ ಹೆತ್ತ ಗಳಿಗೆಯಲ್ಲಿ ಅದೇ ಬಳಗವನ್ನು ಕರೆದು ಗರ್ಭಕೋಶವನ್ನು ಬಿಗಿಸುತ್ತಾರೆ! ಹೆಪ್ಪನ್ನು ಕರಗದಂತೆ ಹಿಡಿಯುವ ಟ್ರಾನೆಕ್ಸಾಮಿಕ್ ಆಮ್ಲ ಎಂಬ ಇನ್ನೊಂದು ಮದ್ದಿದೆ. ಜಪಾನಿನ ಉಟಾಕೊ ಒಕಾಮೊಟೊ ಎಂಬಾಕೆ ತನ್ನ ಪತಿಯೊಡನೆ ಅದನ್ನು 1962ರ ಸುಮಾರಿಗೆ ಕಂಡುಹಿಡಿದಳು. ಇಪ್ಪತ್ತು ಸಾವಿರ ಬಾಣಂತಿಯರ ಪರೀಕ್ಷೆ ಅದರ ಉಪಯೋಗವನ್ನು ಸಾರಿದ್ದು 2017ರಲ್ಲಿ. ಒಕಾಮೊಟೊ ತೊಂಬತ್ತೆಂಟನೆಯ ವಯಸ್ಸಿನಲ್ಲಿ 2016ರಲ್ಲಿ ತೀರಿಕೊಂಡಿದ್ದಳು.

ಅಪವಾದ ಸೂಲಗಿತ್ತಿಯರಿಗೆ ಮಾತ್ರ ಬಂದದ್ದಲ್ಲ. ಬಸುರು ನಿಲ್ಲದೆ ಮತ್ತೆ ಮತ್ತೆ ಹೋಗುವ ಹೆಂಗಸನ್ನು ನಮ್ಮ ಸಮಾಜ ನಾಗದೋಷದವಳು ಎಂದಿತು. ಅಶ್ವತ್ಥಕಟ್ಟೆಗಳ ನಾಗರಕಲ್ಲುಗಳಲ್ಲಿ ಎಷ್ಟು ಅಂಥ ಕಣ್ಣೀರಿನವೋ. ಅವರಲ್ಲಿ ಕೆಲವರ ರಕ್ತದಲ್ಲಿ, ತನ್ನ ಮೈಯನ್ನೇ ಶತ್ರುವೆಂದು ಬಗೆಯುವ ಒಂದು ಬಗೆಯ ಪ್ರತಿವಸ್ತು ಇರುತ್ತದೆ. ಅದು ಮಾಸಿನಲ್ಲಿ ಉರಿಯನ್ನೂ ಹೆಪ್ಪನ್ನೂ ಎಬ್ಬಿಸುತ್ತದೆ. 1983ರಲ್ಲಿ ಲಂಡನ್ನಿನ ಗ್ರಹಾಂ ಹ್ಯೂಸ್ ಈ ರೋಗವನ್ನು ವಿವರಿಸಿದರು. 1997ರಲ್ಲಿ ಪ್ರಕಟವಾದ ತೊಂಬತ್ತು ಹೆಂಗಸರ ಪರೀಕ್ಷೆಯೊಂದರಲ್ಲಿ ಆಸ್ಪಿರಿನ್ ಒಂದನ್ನೇ ಪಡೆದವರಲ್ಲಿ ನೂರಕ್ಕೆ 42 ಮಂದಿಗೆ, ಹೆಪಾರಿನ್ನನ್ನೂ ಸೇರಿಸಿ ಪಡೆದವರಲ್ಲಿ 71 ಮಂದಿಗೆ ಜೀವಂತ ಕೂಸು ದಕ್ಕಿತು.

ಸೂಲಗಿತ್ತಿಯರಿಗೆ ಮರ್ಯಾದೆ ಸಲ್ಲಲೇ ಇಲ್ಲವೆಂದಲ್ಲ. ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರಿಗೆ, ಹದಿನೈದು ಸಾವಿರ ಹೆರಿಗೆ ಮಾಡಿಸಿದ ಕೈಗೆ, 2018ರಲ್ಲಿ ಪದ್ಮಶ್ರೀ ಬಂದಿತು. ಆ ವರ್ಷದ ಡಿಸೆಂಬರಿನಲ್ಲೇ ಅವರು ಕಣ್ಮುಚ್ಚಿದರು. ಈಗ ಹಳ್ಳಿಗಳಲ್ಲಿ ತಾಯಿ ಕಾರ್ಡು ಇದೆ, ಆಶಾ ಕಾರ್ಯಕರ್ತೆ ಇದ್ದಾಳೆ, 2008ರಿಂದ 108ರ ಗಾಡಿ ಇದೆ. 2018–20ರ ಸರ್ಕಾರಿ ಲೆಕ್ಕದಂತೆ ಲಕ್ಷ ಜೀವಂತ ಜನನಗಳಿಗೆ ಕರ್ನಾಟಕದಲ್ಲಿ 69 ತಾಯಂದಿರು ಸತ್ತರು. ಇಡೀ ದೇಶದಲ್ಲಿ 97. ತೃಪ್ತಿಪಡುವ ಮೊದಲು ಪಕ್ಕದ ಕೇರಳವನ್ನು ನೋಡಬೇಕು. ಅಲ್ಲಿ 19.

ಇಷ್ಟನ್ನೂ ಓದಿ ತಿಳಿದ ಮೇಲೆ ನಾನು ಊರಿಗೆ ಹೋಗಿ ತೊಂಬತ್ತರ ಅಂಚಿನಲ್ಲಿದ್ದ ತಾಯಿಯ ಮುಂದೆ ಕುಳಿತೆ. ಅಕ್ಕನ ಕಾಯಿಲೆ ಹೆರಿಗೆಯ ರಾತ್ರಿ ಬಂದದ್ದಲ್ಲ, ನಾಲ್ಕೈದು ತಿಂಗಳು ಮೊದಲೇ ಮಾಸಿನಲ್ಲಿ ಬೇರೂರಿತ್ತು, ಸೂಲಗಿತ್ತಿ ಅಜ್ಜಿಯ ಕೈಗೂ ಅದಕ್ಕೂ ಸಂಬಂಧವಿಲ್ಲ ಎಂದು ನನಗೆ ತಿಳಿದ ಮಟ್ಟಿಗೆ ಬಿಡಿಸಿ ಹೇಳಿದೆ. ಅಮ್ಮ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, 'ನಂಗೊತ್ತು ಕಣಪ್ಪ' ಎಂದರು. 'ದೀಪ ಹಚ್ಚೋ ಹೊತ್ತಿಗೆ ಬಂದು ಕಾಲು ನೋಡಿದ್ಲು. ಇದು ನನ್ನ ಕೈಲಾಗೋದಲ್ಲ, ಈಗಲೇ ಗಾಡಿ ಕಟ್ಟಿ ಬೆಂಗಳೂರಿಗೆ ಕರ್ಕೊಂಡೋಗ್ರವ್ವ ಅಂದ್ಲು. ನಿಮ್ಮಪ್ಪ ಬೆಳಗಾಗ್ಲಿ ಅಂದ್ರು.'

ಅಪ್ಪ ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು. ಆ ರಾತ್ರಿ ಮಳೆ ಹಿಡಿದಿತ್ತೆಂಬುದು ನನಗೂ ನೆನಪಿದೆ.

ಮರುದಿನ ಅಜ್ಜಿಯ ಮನೆ ಇದ್ದ ಕಡೆಗೆ ನಡೆದು ಹೋದೆ. ಮಗಳ ಮನೆಯವರು ಯಾವಾಗಲೋ ಮಾಲೂರಿನ ಕಡೆ ಹೋದರಂತೆ. ಆ ಜಾಗ ಈಗ ಒಂದು ಕಾರ್ಖಾನೆಯ ಕಾಂಪೌಂಡಿನೊಳಗೆ ಸೇರಿದೆ. ಗೇಟಿನ ಕಾವಲುಗಾರ ಯಾರು ಬೇಕಿತ್ತು ಸಾರ್ ಎಂದು ಕೇಳಿದ.